ಲೇಸರ್ ಮೆಷಿನ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಪ್ರಶ್ನೆ: ಸರ್, ಕೌಲ್ ಬಜಾರ್‌ನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ಜೀನ್ಸ್‌ಗೆ ಫೇಡ್, ಅಂದ್ರೆ ಮಾಸಿದ ಬಣ್ಣ, ಕೊಡೋಕೆ ಸಾಲ ಮಾಡಿ ಹೊರದೇಶದ ಲೇಸರ್ ಮೆಷಿನ್ ತಂದೆವು. ಹೋದ ತಿಂಗಳು ಫೇಡ್ ಸರಿ ಬರದೆ ನಾಲ್ಕು ದಿನ ಕೆಲಸ ನಿಂತಿತು. ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇದೆ, ನಮಗೆ ಕೊಟ್ಟಿಲ್ಲ. ಎಂಜಿನಿಯರ್ ಬಂದು ಹತ್ತೇ ನಿಮಿಷದಲ್ಲಿ ಸರಿ ಮಾಡಿ ಹೋದರು. ತಂತ್ರಜ್ಞಾನ ವರ್ಗಾವಣೆ ಅಂದ್ರೆ ಇದೇನಾ? ಬೇರೆ ದೇಶದವರು ಹೇಗೆ ಕಲಿತರು?
– ಯೂನಿಟ್ ಮಾಲೀಕರು, ಬಳ್ಳಾರಿ

ಉತ್ತರ: ಇಲ್ಲ, ಇದು ಬರೀ ಖರೀದಿ. ನಿಮ್ಮ ಪತ್ರ ಓದಿ ಬೇಜಾರಾಯಿತು, ಯಾಕಂದ್ರೆ ಆ ಹತ್ತು ನಿಮಿಷದ ಕೆಲಸವೇ ತಂತ್ರಜ್ಞಾನ.

ಡೆನಿಮ್ ನೂಲಿಗೆ ನೀಲಿ ಹತ್ತಿರೋದು ಹೊರಗಡೆ ಮಾತ್ರ, ಒಳಗೆ ಬಿಳಿ. ಆ ಮೇಲಿನ ಪದರವನ್ನು ಲೇಸರ್ ಎಷ್ಟು ಸುಡಬೇಕು ಅನ್ನೋದೇ ಲೆಕ್ಕ. ಜಾಸ್ತಿ ಆದ್ರೆ ಬಟ್ಟೆ ಹಾಳು, ಕಮ್ಮಿ ಆದ್ರೆ ಫೇಡ್ ಕಾಣೋದೇ ಇಲ್ಲ. ಪ್ಯಾಂಟಿನ ತೊಡೆಭಾಗವನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜುವ ಹುಡುಗರ ಕೈಗೆ ಈ ಲೆಕ್ಕ ಗೊತ್ತಿರುತ್ತದೆ. ನಿಮ್ಮಲ್ಲಿ ಅದು ಈಗ ಪಾಸ್‌ವರ್ಡ್ ಹಿಂದೆ ಸೇರಿಕೊಂಡಿದೆ.

ಸರ್ಕಾರಿ ಹಿಡಿತದಿಂದ ಮಾರುಕಟ್ಟೆ ಕಡೆ ಹೊರಳಿದ ಎರಡು ದೇಶ ನೋಡಿ. ಜೆಕ್ ನಾಡಿನ ಕಾರ್ ಕಂಪನಿ ಸ್ಕೋಡಾ 1991ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಜೊತೆ ಸೇರಿತು. ಅಲ್ಲಿ 1895ರಿಂದ ಬಂದ ಕಸುಬಿತ್ತು, ಕಾರನ್ನು ತಾವೇ ರೂಪಿಸಬಲ್ಲ ಎಂಜಿನಿಯರ್‌ಗಳಿದ್ದರು, ಕಾರು ರೂಪಿಸುವ ಆ ವಿಭಾಗ ಕಂಪನಿಯ ಊರಾದ ಮ್ಲಾದಾ ಬೊಲೆಸ್ಲಾವ್‌ನಲ್ಲೇ ಉಳಿಯಿತು. ಹಾಗಾಗಿ ಹೊಸದು ಬೇಗ ಕೈಹತ್ತಿತು. ವಿಯೆಟ್ನಾಂ 1986ರಲ್ಲಿ ಸುಧಾರಣೆ ಶುರು ಮಾಡಿತು. 2009ರಲ್ಲಿ ಅಲ್ಲಿನ ಬಾಕ್ ನಿನ್ ಪ್ರಾಂತ್ಯದಲ್ಲಿ ಸ್ಯಾಮ್‌ಸಂಗ್ ಫೋನ್ ತಯಾರಾಗತೊಡಗಿತು, ಕೆಲಸ ಸಿಕ್ಕಿತು, ರಫ್ತು ಏರಿತು, ಆದರೆ ಅಲ್ಲಿನವರದೇ ಕಂಪನಿಗಳಿಗೆ ಮೊದಮೊದಲು ದಕ್ಕಿದ್ದು ಹೆಚ್ಚಾಗಿ ಪ್ಯಾಕಿಂಗ್‌ನಂಥ ಕೆಲಸ. ಹನೋಯ್‌ನಲ್ಲಿ ಸ್ಯಾಮ್‌ಸಂಗ್‌ನ ದೊಡ್ಡ ಸಂಶೋಧನಾ ಕೇಂದ್ರ ತೆರೆದದ್ದು 2022ರಲ್ಲಿ, ಅಂದ್ರೆ ಹದಿಮೂರು ವರ್ಷ ಆದ ಮೇಲೆ!

ನಮ್ಮಲ್ಲಿ ಜವಳಿ ಯಂತ್ರದ ಸಾಲಕ್ಕೆ ಬಡ್ಡಿ ನೆರವು ಕೊಡುತ್ತಿದ್ದ ಕೇಂದ್ರದ ಟಫ್ಸ್ ಯೋಜನೆ 1999ರಲ್ಲಿ ಬಂತು, ರೂಪ ಬದಲಿಸುತ್ತಾ 2022ರವರೆಗೆ ನಡೆಯಿತು. ಒಳ್ಳೇದೇ. ಆದ್ರೆ ಮೆಷಿನ್ ಬಿಲ್ಲಿಗೆ ಕೊಟ್ಟ ಹಾಗೇ ಆಪರೇಟರ್ ಕಲಿಯೋದಕ್ಕೂ ಸರ್ಕಾರ ದುಡ್ಡು ಕೊಡಬೇಕು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸದ್ಯಕ್ಕೆ ಸರ್ವೀಸ್ ಕರಾರಿಗೆ ಸುಮ್ನೆ ಸಹಿ ಹಾಕಬೇಡಿ. ಸೆಟ್ಟಿಂಗ್ ಫೈಲಿನ ಕಾಪಿ, ಇಬ್ಬರಿಗೆ ಟ್ರೇನಿಂಗ್ ಅಂತ ಬರೆಸಿಕೊಳ್ಳಿ. ಆ ಇಬ್ಬರಲ್ಲಿ ಒಬ್ಬ ಉಜ್ಜುವ ಕೆಲಸ ಗೊತ್ತಿದ್ದವನೇ ಇರಲಿ. ಯಾವ ಬಟ್ಟೆಗೆ ಎಷ್ಟು ಪವರ್, ಎಷ್ಟು ಸ್ಪೀಡ್ ಅಂತ ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲೇ ಅದೇ ಬಟ್ಟೆಯ ತುಂಡು ಪಿನ್ ಮಾಡಿಡಿ. ಅಕ್ಕಪಕ್ಕದ ಯೂನಿಟ್‌ಗಳಲ್ಲೂ ಇದೇ ಮೆಷಿನ್ ಇದ್ದರೆ ಎಲ್ಲರೂ ಸೇರಿ ಪಾಸ್‌ವರ್ಡ್ ಕೇಳಿ. ಅಷ್ಟು ಗಿರಾಕಿಗಳಿಗೆ ಒಟ್ಟಿಗೆ ಇಲ್ಲ ಅನ್ನೋದು ಅವರಿಗೂ ಕಷ್ಟ, ಅಲ್ವಾ?