ಬಿರಿಯಾನಿ ಬೇಡ, ಗಂಜಿ ಮಾಡಿ

ನಿಮ್ಮ ಪ್ರಶ್ನೆ ಇದು: ಬೇರೆ ಬೇರೆ ಧರ್ಮದ ಗೆಳೆಯರು ಸೇರಿ ಒಂದು ಊಟ ಇಟ್ಟು, ಬಂದ ದುಡ್ಡನ್ನು ನಿರಾಶ್ರಿತರಿಗೆ ಕೊಡಬೇಕು ಅಂತಿದ್ದೀರಿ, ಊಟಕ್ಕೆ ಎಂತ ಮಾಡುವುದು, ದುಡ್ಡು ಎಲ್ಲಿಗೆ ಕೊಡುವುದು ಅಂತ. ಮಂಗಳೂರಲ್ಲಿ ನಾವು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಪೂರ್ತಿ ಎಡವಟ್ಟಾಯಿತು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಆಗ ಯಾರಿಗೂ ಬೇಜಾರಾಗಬಾರದು ಅಂತ ಎಲ್ಲವನ್ನೂ ಮಾಡಿಸಿದೆವು. ಹಲಾಲ್ ಕೋಳಿಯ ಬಿರಿಯಾನಿ, ಮಾಂಸ ತಿನ್ನದವರಿಗೆ ಬೇರೆ ಪಾತ್ರೆಯಲ್ಲಿ ಪಲಾವ್, ಜೈನ ಗೆಳತಿಗೆ ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ಪಲ್ಯ. ಕ್ರೈಸ್ತ ಗೆಳೆಯರು ಹೇಗೂ ಎಲ್ಲ ತಿನ್ನುತ್ತಾರಲ್ಲ ಅಂದುಕೊಂಡೆವು, ಆದರೆ ಅವತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಶುಕ್ರವಾರ, ಅವರು ಮಾಂಸ ಮುಟ್ಟಲಿಲ್ಲ. ಕೊನೆಗೆ ಯಾರ ಪಾತ್ರೆ ಎಲ್ಲಿತ್ತೋ ಅಲ್ಲೇ ಅವರವರು ಕೂತು ಉಂಡರು. ಪಂಕ್ತಿಭೇದ ಬೇಡ ಅಂತ ಹೊರಟು ನಾವೇ ಪಂಕ್ತಿ ಮಾಡಿಕೊಟ್ಟ ಹಾಗಾಯಿತು ಮಾರಾಯ್ರೆ! ಅಡುಗೆಯವರಿಗೆ ಕೊಟ್ಟು ಉಳಿದದ್ದು ಎಷ್ಟು ಅಂತ ಕೇಳಬೇಡಿ.

ಎರಡನೇ ಸಲ ಕುಸುಲಕ್ಕಿ ಗಂಜಿ. ತುಳು ಮನೆಯಲ್ಲಿ ಗಂಜಿ, ಕೊಂಕಣಿಯವರಿಗೆ ಪೇಜ್, ರಂಜಾನ್‌ನಲ್ಲಿ ಎಷ್ಟೋ ಮಸೀದಿಗಳಲ್ಲಿ ಇಫ್ತಾರ್‌ಗೂ ಗಂಜಿಯೇ ಅಲ್ವಾ? ಜೊತೆಗೆ ಹೆಸರುಕಾಳಿನ ಪಲ್ಯ, ತಿಮರೆ (ಒಂದೆಲಗ) ಚಟ್ನಿ, ಮಿಡಿ ಉಪ್ಪಿನಕಾಯಿ. ಒಂದೇ ಪಾತ್ರೆ, ಒಂದೇ ಸಾಲು. ಹೋಟೆಲಲ್ಲಿ ಬಿರಿಯಾನಿಗೆ ಎಷ್ಟು ಕೊಡುತ್ತೀರೋ ಅಷ್ಟು ಕೊಟ್ಟು ಗಂಜಿ ಉಣ್ಣಿ ಅಂದೆವು. ಖರ್ಚು ಕಮ್ಮಿ, ಡಬ್ಬಿಯಲ್ಲಿ ಉಳಿದದ್ದು ಜಾಸ್ತಿ. ಹೊರಗೆ ಅನ್ನ ಉಣ್ಣದ ಒಬ್ಬ ಹುಡುಗನಿದ್ದ, ಅವನು ಎರಡು ಬಾಳೆಹಣ್ಣು ತಿಂದು ಎಲ್ಲರಿಗೂ ಬಡಿಸಿದ. ಅಂಥವರನ್ನು ಸುಮ್ನೆ ತಮಾಷೆ ಮಾಡಬೇಡಿ, ಬಂದದ್ದೇ ದೊಡ್ಡದು.

ದಿನ ನೋಡಿ ಇಡಿ. ಏಕಾದಶಿ ಬೇಡ, ಅನ್ನ ಬಿಡುವವರು ಇರುತ್ತಾರೆ. ರಂಜಾನ್ ತಿಂಗಳಂತೂ ಬೇಡ. ಇಫ್ತಾರ್ ಸೂರ್ಯ ಮುಳುಗಿದ ಮೇಲೆ, ಕಟ್ಟುನಿಟ್ಟಿನ ಜೈನರ ಊಟ ಮುಳುಗುವ ಮೊದಲು. ಬೇರೆ ತಿಂಗಳ ಭಾನುವಾರ ಮಧ್ಯಾಹ್ನ ಒಳ್ಳೆಯದು.

ಭಾಷಣ ಇಡಲಿಲ್ಲ. ಆದರೆ ನಮ್ಮಲ್ಲಿ ಸುಳ್ಯದ ಕಡೆಯ ಒಬ್ಬ ಇದ್ದ, ಮನೆಮಾತು ತಮಿಳು. ಅವನ ಅಜ್ಜಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ ತೋಟದವರು. ಅಲ್ಲಿದ್ದ ಭಾರತ ಮೂಲದ ತಮಿಳರನ್ನು ಎರಡು ದೇಶಗಳು ಹಂಚಿಕೊಂಡ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಲ್ಲಿ ಬಂದು, ಆಮೇಲೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಕ್ಕೆ ಸೇರಿದವರು. ಕಾನೂನಿನ ಪ್ರಕಾರ ಅವರು ನಿರಾಶ್ರಿತರಲ್ಲ, ವಾಪಸು ಬಂದವರು. "ಅಜ್ಜಿ ಹುಟ್ಟಿದ್ದೇ ಅಲ್ಲಿ, ವಾಪಸು ಎಲ್ಲಿಗೆ?" ಅಂತ ಅವನು ಬಟ್ಟಲು ತೊಳೆಯುತ್ತಾ ಕೇಳಿದ. ಯಾರೂ ಮಾತಾಡಲಿಲ್ಲ.

ಇನ್ನು ದುಡ್ಡು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಕಾನೂನೂ ಇಲ್ಲ. ಬೈಲುಕುಪ್ಪೆಯ ಟಿಬೆಟನ್ನರ ವ್ಯವಸ್ಥೆ ಸರ್ಕಾರದ್ದು. ಮ್ಯಾನ್ಮಾರ್, ಅಫ್ಘಾನಿಸ್ತಾನದಿಂದ ಬಂದವರನ್ನು ನೋಂದಾಯಿಸಿಕೊಳ್ಳುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್. ನಾವು ಅದಕ್ಕೇ ಆನ್‌ಲೈನಲ್ಲಿ ಕಳಿಸಿ, ರಸೀದಿಯನ್ನು ಗ್ರೂಪಿಗೆ ಹಾಕಿದೆವು. ಒಂದು ಎಚ್ಚರಿಕೆ: ನಮ್ಮ ಊರಲ್ಲಿ ಎಲ್ಲರಿಗೂ ವಿದೇಶದಲ್ಲಿ ಒಬ್ಬ ಮಾವ ಇರುತ್ತಾರೆ. ವಿದೇಶಿ ಪೌರತ್ವ ಪಡೆದವರ ದುಡ್ಡು ಸಂಸ್ಥೆಯೊಂದಕ್ಕೆ ಬಂದರೆ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾನೂನಿನ ತಲೆನೋವು ಶುರು. ಅದಕ್ಕೇ ಕಾಲೇಜು ಸಂಘದ ಖಾತೆಗೆ ಅದನ್ನೆಲ್ಲ ಹಾಕಿಸಬೇಡಿ.

ಮತ್ತೆ, ಕುಸುಲಕ್ಕಿ ಬೇಯಲಿಕ್ಕೆ ಟೈಮ್ ಬೇಕು. ಬೆಳಿಗ್ಗೆ ಒಂಬತ್ತಕ್ಕೇ ಒಲೆ ಹಚ್ಚಿ, ನಮ್ಮ ಹಾಗೆ ಹನ್ನೊಂದೂವರೆಗೆ ಅಲ್ಲ.