ಗಂಡಸರ ಮನಸ್ಸೇ ಬೇರೆಯೇ?

ಪ್ರಶ್ನೆ: ಈ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ ಔಷಧಿ ಹೊಡೆಸಿದರೂ ನಮ್ಮ ಅಡಿಕೆ ತೋಟದಲ್ಲಿ ಕೊಳೆ ರೋಗ ಹತೋಟಿಗೆ ಬರಲಿಲ್ಲ. ಅಂದಿನಿಂದ ನಮ್ಮ ಯಜಮಾನರು ಜಗಲಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಕೇಳಿದರೆ ‘ಎಂಥದೂ ಇಲ್ಲ’ ಎನ್ನುತ್ತಾರೆ. ನನಗೋ ಹೇಳಿಕೊಳ್ಳದೆ ಸಮಾಧಾನವಿಲ್ಲ. ಹೆಂಗಸರು ದಿನಕ್ಕೆ 20,000 ಪದ ಆಡಿದರೆ ಗಂಡಸರು ಆಡುವುದು 7,000 ಮಾತ್ರ, ಇಬ್ಬರ ಮಿದುಳೇ ಬೇರೆ ಎಂದು ನಮ್ಮ ಭಾವನವರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಭಾವನವರ ಲೆಕ್ಕಕ್ಕೆ ಆಧಾರವಿಲ್ಲ. ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ದಿನನಿತ್ಯದ ಮಾತನ್ನು ಆಗಾಗ ಧ್ವನಿಮುದ್ರಿಸಿಕೊಂಡು ಅಂದಾಜು ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೂ ದಿನಕ್ಕೆ ಹೆಚ್ಚುಕಡಿಮೆ 16,000 ಪದಗಳನ್ನೇ ಆಡಿದ್ದರು. ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ ಇಂಥ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗಲೂ ಗಂಡು ಹೆಣ್ಣಿನ ಮನಸ್ಸಿನ ಬಹುಪಾಲು ವ್ಯತ್ಯಾಸಗಳು ತೀರಾ ಚಿಕ್ಕವು ಅಥವಾ ಇಲ್ಲವೇ ಇಲ್ಲ ಎಂದು ಕಂಡುಬಂತು. ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಕೆಲವೇ ಸಾಮರ್ಥ್ಯಗಳಲ್ಲಿ ಸರಾಸರಿ ಅಂತರ ಸ್ವಲ್ಪ ದೊಡ್ಡದು. ಅದಕ್ಕೂ ಬೆಳೆದ ಸಮಾಜ ಕಾರಣವಾಗಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷ್ಯವಿದೆ. ಈಶಾನ್ಯ ಭಾರತದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತುಂಡುಗಳನ್ನು ಜೋಡಿಸುವ ಒಗಟನ್ನು ಪಿತೃಪ್ರಧಾನ ಕರ್ಬಿ ಜನರಲ್ಲಿ ಗಂಡಸರು ಬೇಗ ಬಿಡಿಸಿದರೆ, ತಾಯಿಯ ವಂಶ ಹಿಡಿದು ಆಸ್ತಿ ಸಾಗುವ ಖಾಸಿಗಳಲ್ಲಿ ಆ ಅಂತರ ಕಾಣಲಿಲ್ಲ.

ಆದರೆ ನಿಮ್ಮ ಮನೆಯ ವಿಷಯದಲ್ಲಿ ಮುಖ್ಯವಾದ ವ್ಯತ್ಯಾಸ ಬೇರೆಯದು. ದುಃಖ ಬಂದಾಗ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ ಸರಾಸರಿಯಲ್ಲಿ ಹೆಂಗಸರಿಗೆ ತುಸು ಹೆಚ್ಚು. ಖಿನ್ನತೆ ಎಂದು ಗುರುತಿಸಲ್ಪಡುವವರಲ್ಲಿಯೂ ಅವರ ಸಂಖ್ಯೆ ಸುಮಾರು ಎರಡು ಪಟ್ಟು. ಗಂಡಸರಲ್ಲಿ ಅದೇ ಖಿನ್ನತೆ ಎಷ್ಟೋ ಸಲ ಸಿಡುಕು, ಕುಡಿತ, ಇಲ್ಲವೇ ಮೌನವಾಗಿ ಕಾಣಿಸಿಕೊಳ್ಳುವುದರಿಂದ ‘ಗಂಡಸರೇ ಹಾಗೆ’ ಎಂದು ಮನೆಯವರು ಕೈಬಿಡುತ್ತಾರೆ. ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಗಂಡಸರು ಹೆಂಗಸರ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ನೆನೆದರೆ, ಭಾವನವರ ಸಮಾಧಾನ ನನಗೆ ಅಷ್ಟು ನಿರುಪದ್ರವಿಯಾಗಿ ಕಾಣುವುದಿಲ್ಲ.

ಎದುರು ಕುಳಿತು ‘ಏನಾಯ್ತು?’ ಎಂದು ಕೇಳುವ ಬದಲು, ಇಬ್ಬರೂ ಅಡಿಕೆ ಸುಲಿಯುತ್ತಿರುವಾಗ ‘ಸೊಸೈಟಿ ಸಾಲದ ಕಂತಿಗೆ ಏನು ಮಾಡೋಣ?’ ಎಂದು ಕೇಳಿ ನೋಡಿ. ಮನಸ್ಸಿನ ಬಗ್ಗೆ ಮಾತು ಬಾರದವರಿಗೂ ಕೆಲಸದ ಬಗ್ಗೆ ಬರುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ, ತೋಟದ ಕಡೆಗಿನ ಆಸಕ್ತಿ ಮರಳದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಷ್ಟು ದೂರದ ಪ್ರಯಾಣಕ್ಕೆ ಅವರು ಒಪ್ಪದಿದ್ದರೆ, ಅಥವಾ ಬದುಕೇ ಬೇಡ ಎಂಬ ಮಾತು ಅವರ ಬಾಯಲ್ಲಿ ಒಮ್ಮೆ ಬಂದರೂ ಸಾಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ನೀವೇ ಕೂಡಲೇ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.