ಸುದ್ದಿ ಪರೀಕ್ಷೆ ಮಾಡೋದನ್ನು ಮಕ್ಕಳಿಗೆ ಎಲ್ಲಿಂದ ಕಲಿಸಬೇಕು?

ಒಂಬತ್ತನೇ ಕ್ಲಾಸಿನ ಮಗ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುತ್ತಾನೆ, ನಿಜ ಯಾವುದು ಅಂತ ನೋಡೋದನ್ನು ಹೇಗೆ ಕಲಿಸಲಿ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಹೇಳೋದು ಇಷ್ಟು: ನಿಜ ಆಗಿರಲಿ ಅಂತ ಅವನೇ ಆಸೆಪಡುವ ಸುದ್ದಿಯಿಂದ ಶುರು ಮಾಡಿ.

ಮಲೆನಾಡಿನಲ್ಲಿ ಅಂಥ ಸುದ್ದಿ ಯಾವುದು ಅಂತ ಗೊತ್ತಲ್ವಾ? ಜುಲೈನಲ್ಲಿ ಮಳೆ ಹಿಡಿದುಕೊಂಡಾಗ ರಾತ್ರಿ ಬರುವ ‘ನಾಳೆ ಶಾಲೆಗಳಿಗೆ ರಜೆ’ ಆದೇಶ. ಸೀಲು, ಸಹಿ ಎಲ್ಲ ಇರುತ್ತದೆ. ಕೆಲವು ಸಲ ಅದು ಹೋದ ವರ್ಷದ್ದು, ಕೆಲವು ಸಲ ಪಕ್ಕದ ಜಿಲ್ಲೆಯದು, ಕೆಲವು ಸಲ ತಾರೀಖು ಮಾತ್ರ ತಿದ್ದಿದ್ದು. ಅಂಥ ಒಂದನ್ನು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಡುತ್ತೇನೆ. ಯಾವ ಜಿಲ್ಲೆ? ಯಾವ ತಾಲ್ಲೂಕು? ಆ ತಾರೀಖಿಗೆ ಆ ವಾರ ಬರುತ್ತದಾ, ಕ್ಯಾಲೆಂಡರ್ ನೋಡಿ. ತಾರೀಖಿನ ಅಕ್ಷರ ಉಳಿದದ್ದರ ಹಾಗೇ ಇದೆಯಾ? ರಜೆ ಕೊಡುವ ಅಧಿಕಾರ ಯಾರಿಗಿದೆ, ಅವರ ಕಡೆಯಿಂದಲೇ ಬಂತಾ? ರಜೆ ಬೇಕು ಅನ್ನೋ ಮನಸ್ಸೇ ಈ ಪ್ರಶ್ನೆಗಳನ್ನು ಕೇಳೋಕೆ ಬಿಡುವುದಿಲ್ಲ ಅನ್ನೋದು ಆಗ ಅವರಿಗೇ ತಿಳಿಯುತ್ತದೆ. ಪಾಠ ಮಾಡಿ ಅದನ್ನು ತಿಳಿಸೋಕೆ ಆಗಲ್ಲ.

ಆಮೇಲೆ ಜೋಗದ ವಿಡಿಯೋ. ‘ಇವತ್ತಿನ ಜೋಗ ನೋಡಿ’ ಅಂತ ಜೂನ್‌ನಲ್ಲೇ ಓಡಾಡುತ್ತದೆ. ಮೇಲೆ ಲಿಂಗನಮಕ್ಕಿ ಡ್ಯಾಮ್ ಇದೆ, ಅದರ ಪೂರ್ಣ ಮಟ್ಟ 1819 ಅಡಿ. ಡ್ಯಾಮಿನ ಕೆಳಗೆ ಬೀಳುವ ಮಳೆಯಿಂದಲೂ ಜೋಗಕ್ಕೆ ನೀರು ಬರುತ್ತದೆ, ನಿಜ. ಆದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಧುಮ್ಮಿಕ್ಕಬೇಕಾದರೆ ಸಾಮಾನ್ಯವಾಗಿ ಡ್ಯಾಮ್ ತುಂಬುತ್ತ ಬಂದು ಗೇಟು ತೆಗೆದಿರಬೇಕು. ಮಳೆಗಾಲದಲ್ಲಿ ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದೆ. ವಿಡಿಯೋವನ್ನೂ ಆ ಮಟ್ಟವನ್ನೂ ಪಕ್ಕ ಇಟ್ಟು ನೋಡಲಿ. ಈ ಲೆಕ್ಕವನ್ನು ಮಕ್ಕಳು ಎಷ್ಟು ಖುಷಿಯಿಂದ ಮಾಡುತ್ತಾರೆ ಅಂದರೆ, ಬೆಲ್ ಹೊಡೆದರೂ ಏಳುವುದಿಲ್ಲ.

ಮೆಸೇಜನ್ನೇ ದಿಟ್ಟಿಸಿ ನೋಡಿದರೆ ಸಾಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಸುದ್ದಿ ನಿಜವಾ ಅಂತ ಪರೀಕ್ಷಿಸೋದೇ ಕೆಲಸವಾದವರು), 25 ಕಾಲೇಜು ವಿದ್ಯಾರ್ಥಿಗಳು ವೆಬ್‌ಸೈಟುಗಳನ್ನು ಹೇಗೆ ಅಳೆಯುತ್ತಾರೆ ಅಂತ ನೋಡಿದ ಅಧ್ಯಯನ ಪ್ರಕಟಿಸಿದರು. ಓದಿಕೊಂಡವರೂ ಚೆಂದದ ಲೋಗೋ ನೋಡಿ ಮೋಸ ಹೋಗಿದ್ದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಬೇಗ ಆ ಪುಟ ಬಿಟ್ಟು, ಇದನ್ನು ಯಾರು ನಡೆಸುತ್ತಾರೆ ಅಂತ ಬೇರೆ ಕಡೆ ಹುಡುಕಿದ್ದರು. ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ‘ರಾಶಿ’ ಅನ್ನೋ ಬಗೆಯ ಅಡಿಕೆಗೆ ರೇಟು ಏರಿತು ಅಂತ ಯಾರೋ ಹೇಳಿದ ಕೂಡಲೇ ಅಪ್ಪ ಮೂಟೆ ಕಟ್ಟುವುದಿಲ್ಲ, ಇನ್ನೆರಡು ಮಂಡಿಗೆ ಫೋನ್ ಮಾಡುತ್ತಾರೆ.

ನನಗೆ ಭಯ ಇರೋದು ಇನ್ನೊಂದರ ಬಗ್ಗೆ. ಬರೀ ಅನುಮಾನ ಕಲಿತ ಮಕ್ಕಳು ಸ್ವಲ್ಪ ದಿನಕ್ಕೆ ‘ಎಲ್ಲಾ ಸುಳ್ಳೇ ಸಾರ್’ ಅನ್ನೋಕೆ ಶುರು ಮಾಡುತ್ತಾರೆ. ನಮ್ಮಲ್ಲಿ ಅದು ಅಪಾಯ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತಿದ್ದು ಕಂಡರೆ ತಿಳಿಸಿ ಅಂತ ಆಶಾ ಕಾರ್ಯಕರ್ತೆ ಬಂದು ಹೇಳುವಾಗ ಮಗು ಅದನ್ನೂ ತಳ್ಳಿಹಾಕಬಾರದು. ಅದಕ್ಕೇ ನಿಜ ಅಂತ ಸಾಬೀತಾಗುವ ಸುದ್ದಿಗಳನ್ನೂ ನಾನು ಬೇಕಂತಲೇ ಕ್ಲಾಸಿಗೆ ತರುತ್ತೇನೆ, ಅವೇ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತೇನೆ.

ರಾಜಕೀಯದ ಮೆಸೇಜು ಈಗಲೇ ಬೇಡ. ಮನೆಯಲ್ಲಿ ಸುಮ್ನೆ ಜಗಳ ಆಗುತ್ತದೆ, ಮಗ ಏನೂ ಕಲಿಯುವುದಿಲ್ಲ. ಕೆಲವು ತಿಂಗಳು ಹೀಗೆ ಅಭ್ಯಾಸ ಆಗಲಿ. ಮತ್ತೆ, ನೀವು ಕಳಿಸಿದ್ದನ್ನು ನೋಡಿ ಅವನು ‘ಅಪ್ಪಾ, ಇದು ಹಳೇದು’ ಅಂದರೆ ದಯವಿಟ್ಟು ಗದರಬೇಡಿ. ಹೇಗೆ ಗೊತ್ತಾಯಿತು ಅಂತ ಕೇಳಿ, ಅವನು ತೋರಿಸುವಷ್ಟು ಹೊತ್ತು ಪಕ್ಕದಲ್ಲಿ ಕೂತುಕೊಳ್ಳಿ.